ಮದುವೆ ಆಲ್ಬಂ ತುಂಬ ಇದೆ, ನಮ್ಮ ಕಡಲ ದಡದ ಫೋಟೋ ಎಲ್ಲಿ?

ಕಳೆದ ರಂಝಾನ್ ರಜೆಯಲ್ಲಿ ಊರಿಗೆ ಹೋಗಿದ್ದಾಗ ಉಮ್ಮ ಒಂದು ಮಾತು ಕೇಳಿದರು. "ಮೋನೆ, ನಮ್ಮ ಹಳೇ ಮನೆಯ ಹಿಂದಿನ ಜಾಗದ ಒಂದು ಫೋಟೋ ನಿನ್ನ ಹತ್ತಿರ ಉಂಟಾ?"

ನಮ್ಮ ಹಳೇ ಮನೆ ಇದ್ದದ್ದು ಉಳ್ಳಾಲದ ಕಡಲ ದಡದಲ್ಲಿ. ಮನೆಯ ಹಿಂದೆ ತೆಂಗಿನ ಮರಗಳು, ಆಮೇಲೆ ಹೊಯಿಗೆ, ಅದರಾಚೆ ಕಡಲು. ಮಳೆಗಾಲ ಬಂದ ಹಾಗೆಲ್ಲ ಒಂದೊಂದು ಸಾಲು ಮರ ಹೋಯಿತು. ಕೊನೆಗೆ ಮನೆಯೂ ಹೋಯಿತು. ಈಗ ಆ ಜಾಗದಲ್ಲಿ ದೊಡ್ಡ ದೊಡ್ಡ ಕಲ್ಲುಗಳ ತಡೆಗೋಡೆ, ಅದಕ್ಕೆ ಬಡಿಯುವ ಅಲೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲ ಕಡೆಯವರಿಗೆ ಕಡಲ್ಕೊರೆತ ಅಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಉಮ್ಮ ಕೇಳಿದರಲ್ಲ ಅಂತ ಕಪಾಟಿನ ಆಲ್ಬಂಗಳನ್ನೆಲ್ಲ ಕೆಳಗೆ ಇಳಿಸಿದೆ. ಕಾಕನ ನಿಕಾಹ್, ತಂಗಿಯ ಮದುವೆ, ಅಳಿಯನ ಸುನ್ನತ್, ಗಲ್ಫಿಗೆ ಹೊರಟವರ ಜೊತೆ ನಿಂತದ್ದು, ಎಲ್ಲವೂ ಇತ್ತು. ಬಿರಿಯಾನಿ ದಬರಿಯ ಫೋಟೋ ಕೂಡ ಇತ್ತು. ನಮ್ಮ ಜಾಗದ್ದು ಮಾತ್ರ ಒಂದೂ ಇಲ್ಲ. ಕಾಕನ ಮದುವೆಯ ಒಂದು ಫೋಟೋದಲ್ಲಿ ಮದುಮಗನ ಬೆನ್ನ ಹಿಂದೆ ಅರ್ಧ ತೆಂಗಿನ ಮರ ಕಾಣುತ್ತಿತ್ತು. ಉಮ್ಮ ಅದರ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನೋಡಿದರು.

ನನಗೆ ಆಗ ಹೊಳೆದದ್ದು ಒಂದೇ. ಜೀವ ಇರುವವರ ಚಿತ್ರದ ಬಗ್ಗೆ ನಮ್ಮ ಉಲಮಾಗಳ ನಡುವೆ ಬೇಕಾದಷ್ಟು ಚರ್ಚೆ ನಡೆದಿದೆ, ಈಗಲೂ ನಡೆಯುತ್ತಿದೆ. ಮರ, ಕಲ್ಲು, ಗುಡ್ಡ, ಕಡಲಿನ ಚಿತ್ರಕ್ಕೆ ಮಾತ್ರ ಅವರ ಆಕ್ಷೇಪ ಇರಲಿಲ್ಲ. ಆದರೆ ನಾವು ಮಾಡಿದ್ದೇನು? ಚರ್ಚೆ ಇದ್ದದ್ದನ್ನು ಆಲ್ಬಂ ತುಂಬ ತೆಗೆದೆವು. ಯಾರ ಅಡ್ಡಿಯೂ ಇಲ್ಲದಿದ್ದ ಮಣ್ಣು, ಮರವನ್ನು ತೆಗೆಯಲೇ ಇಲ್ಲ.

ನಾನು ಹುಬ್ಬಳ್ಳಿಯ ಮದ್ರಸವೊಂದರಲ್ಲಿ ಕಲಿಸುವವ. ಸುತ್ತಲೂ ಎರೆ ಮಣ್ಣಿನ ಬಯಲು. ಕೆಲವು ವರ್ಷದ ಹಿಂದೆ ಇಲ್ಲಿಯೇ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ಕ್ಯಾಮರಾ ಕೊಂಡೆ. ಜುಬ್ಬಾದ ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣದು. ಉಣಕಲ್ ಕೆರೆ ದಂಡೆಯಲ್ಲಿ ಕೈ ಕುದುರಿಸಿಕೊಂಡೆ. ಅಲ್ಲಿ ವಾಕಿಂಗ್ ಬರುವ ಹಿರಿಯರೊಬ್ಬರು, "ಏನ್ರೀ ಉಸ್ತಾದ್, ನಿಮ್ಮೂರಾಗ ಅಷ್ಟು ದೊಡ್ಡ ಸಮುದ್ರ ಐತಿ, ಇಲ್ಲಿ ಕೆರಿ ಫೋಟೋ ಹೊಡೀತೀರಲ್ರೀ" ಅಂತ ನಕ್ಕರು. ಅವರ ಮಾತು ಸರಿಯೇ ಇತ್ತು.

ಊರಿಗೆ ಹೋಗುವಾಗ ನಾನು ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರಿ ಅಲ್ಲಿಂದ ಹೆದ್ದಾರಿ 66 ಹಿಡಿಯುತ್ತೇನೆ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ರಸ್ತೆ ದಾಟಿ ಗಂಗಾವಳಿ ನದಿಗೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ಕೇರಳದ ಲಾರಿಯೊಂದು ನದಿಯಿಂದ ಮೇಲೆ ಬರಲು ಸೆಪ್ಟೆಂಬರ್ 25ರ ತನಕ ಕಾಯಬೇಕಾಯಿತು. ಆ ಜಾಗದಲ್ಲಿ ನಾನು ಎಷ್ಟು ಸಲ ಬಸ್ಸಿನ ಕಿಟಕಿಯಿಂದ ನದಿ ನೋಡಿದ್ದೇನೋ! ಆ ಗುಡ್ಡ ಮೊದಲು ಹೇಗಿತ್ತು ಅಂತ ಕೇಳಿದರೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ.

ತಂಗಿಯನ್ನು ಬೈಂದೂರು ಕಡೆಗೆ ಕೊಟ್ಟಿರುವುದರಿಂದ ದಾರಿಯಲ್ಲಿ ಅಲ್ಲಿ ಇಳಿಯುವುದುಂಟು. ಅಲ್ಲಿನ ಒತ್ತಿನೆಣೆ ಗುಡ್ಡ ನಮ್ಮ ಕರಾವಳಿಯಲ್ಲಿ ಕಡಲಿಗೇ ಎದುರಾಗಿ ನಿಂತ ಎತ್ತರದ ಜಾಗಗಳಲ್ಲಿ ಒಂದು. ಮೇಲೆ ಅರಣ್ಯ ಇಲಾಖೆಯ ಕ್ಷಿತಿಜ ನೇಸರಧಾಮ, ಕೆಳಗೆ ಸೋಮೇಶ್ವರ ಕಡಲತೀರ. ಇದು ಬೈಂದೂರಿನ ಸೋಮೇಶ್ವರ, ನಮ್ಮ ಉಳ್ಳಾಲದ್ದಲ್ಲ.

ಸಂಜೆ ಅಲ್ಲಿ ಹೋದರೆ ಎಲ್ಲರ ಮೊಬೈಲೂ ಮುಳುಗುವ ಸೂರ್ಯನ ಕಡೆಗೇ. ನಾನೂ ಎರಡು ವರ್ಷ ಅದನ್ನೇ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲ ಒಂದೇ ಥರ, ಕಪ್ಪು ನೆಲ, ಹಳದಿ ಚುಕ್ಕೆ. ಯಾವ ಊರಿನದ್ದು ಅಂತ ಹೇಳುವುದಕ್ಕೂ ಆಗುವುದಿಲ್ಲ. ಆಮೇಲೆ ಗೊತ್ತಾಯಿತು, ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದೆ. ಬೆಳಗ್ಗೆ ಗುಡ್ಡದ ಕಡಲ ಕಡೆಯ ಮುಖ ನೆರಳಲ್ಲಿರುತ್ತದೆ. ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತಲ್ಲಿ ಬಿಸಿಲು ಓರೆಯಾಗಿ ನೇರ ಅದರ ಮೇಲೆ ಬೀಳುತ್ತದೆ. ಆಗ ಸೂರ್ಯನಿಗೆ ಬೆನ್ನು ಮಾಡಿ ನೆಲದ ಕಡೆ ನೋಡಬೇಕು. ಕೆಂಪು ಕಲ್ಲಿನ ಒಂದೊಂದು ತೂತು, ಒಂದೊಂದು ಬಿರುಕು ಎದ್ದು ಕಾಣುತ್ತದೆ.

ಈ ಕೆಂಪು ಕಲ್ಲು ನಮ್ಮ ಮನೆ, ಬಾವಿ, ಮಸೀದಿ ಕಟ್ಟಿದ ಮುರಕಲ್ಲೇ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಕೆನರಾ, ಮಲಬಾರಿನಲ್ಲಿ ಸುತ್ತಾಡಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಮಾಡಿದರು. ನೆಲದಲ್ಲಿರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ಆದರೆ ಅನೇಕ ಕಡೆ ಗಟ್ಟಿ ಕಲ್ಲು ಇರುವುದು ಮೇಲಿನ ಪದರ ಮಾತ್ರ. ಅದರ ಅಡಿಯಲ್ಲಿ ಶೇಡಿ ಮಣ್ಣು. ನೀರು ಕುಡಿದರೆ ಅದು ಬಲ ಕಳೆದುಕೊಳ್ಳುತ್ತದೆ. ಕೆಳಗಿನದ್ದು ಹೋದ ಮೇಲೆ ಮೇಲಿನ ಕಲ್ಲು ಸೂರಿನ ಹಾಗೆ ಹೊರಗೆ ಚಾಚಿ ನಿಲ್ಲುತ್ತದೆ. ಒತ್ತಿನೆಣೆಯಲ್ಲೂ ಚತುಷ್ಪಥಕ್ಕೆ ಗುಡ್ಡ ಕಡಿದ ಮೇಲೆ ಮಳೆಗಾಲದಲ್ಲಿ ಮಣ್ಣು ಜರಿದದ್ದುಂಟು.

ಇದನ್ನು ಯಾಕೆ ಹೇಳಿದೆನೆಂದರೆ, ಅಂಥದ್ದೊಂದು ಅಂಚಿನಲ್ಲಿ ನನ್ನ ತಂಗಿಯ ಮಗ ನಿಂತಿದ್ದ. "ಮಾಮ, ಇಲ್ಲಿಂದ ತೆಗೀರಿ, ಲಾಯ್ಕ ಬರ್ತದೆ" ಅಂದ. ನಾನೇ ಕ್ಯಾಮರಾದಲ್ಲಿ ನೋಡುತ್ತಾ "ಇನ್ನು ಸ್ವಲ್ಪ ಹಿಂದೆ ಹೋಗು" ಅಂದೆ. ಅವನ ಹಿಮ್ಮಡಿಯ ಹತ್ತಿರ ಬುಟ್ಟಿಯಷ್ಟು ಕಲ್ಲು ಸದ್ದಿಲ್ಲದೆ ಕಳಚಿ ಕೆಳಗೆ ಹೋಯಿತು. ಅವನು ಮುಂದಕ್ಕೆ ಹಾರಿದ, ಅಲ್‌ಹಮ್ದುಲಿಲ್ಲಾಹ್. ಆ ದಿನದಿಂದ ನನ್ನದೊಂದು ನಿಯಮ: ಅಂಚಿನಿಂದ ಎರಡು ಆಳು ದೂರ, ಚಾಚಿದ ಕಲ್ಲಿನ ಅಡಿಗೂ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬಂಡೆಗಳ ಮೇಲೆ ಇಳಿಯುವುದೇ ಇಲ್ಲ.

ಇನ್ನು ಕ್ಯಾಮರಾದ ವಿಷಯ. ಸಣ್ಣ ಕ್ಯಾಮರಾದ ಸೆನ್ಸರ್ ಕಿರುಬೆರಳ ಉಗುರಿಗಿಂತ ಸಣ್ಣದು. ನೊರೆಯ ಬಿಳುಪು, ಕಲ್ಲಿನ ಕಪ್ಪು ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಅದಕ್ಕೆ ಕಡಿಮೆ. ಪ್ಲಸ್-ಮೈನಸ್ ಗುರುತಿನ ಗುಂಡಿ ಒತ್ತಿ ಬೆಳಕನ್ನು ಸ್ವಲ್ಪ ಮೈನಸ್‌ಗೆ ಇಡಿ, ನೊರೆ ಸುಣ್ಣ ಬಳಿದ ಹಾಗೆ ಆಗುವುದಿಲ್ಲ. ಐಎಸ್‌ಒ 100ರಲ್ಲಿರಲಿ. ಡಿಜಿಟಲ್ ಝೂಮ್ ಬಂದ್ ಮಾಡಿ, ಅದು ಇದ್ದ ಚಿತ್ರವನ್ನೇ ಎಳೆದು ದೊಡ್ಡದು ಮಾಡುತ್ತದೆ ಅಷ್ಟೆ. ಟ್ರೈಪಾಡ್ ಬೇಡ. ಒಂದು ಸೇರು ಅಕ್ಕಿ ತುಂಬಿದ ಬಟ್ಟೆ ಚೀಲ ಕಲ್ಲಿನ ಮೇಲಿಟ್ಟು, ಅದರ ಮೇಲೆ ಕ್ಯಾಮರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಕೈ ನಡುಗುವ ತಾಪತ್ರಯವೇ ಇಲ್ಲ. ಗುಡ್ಡ ಎಷ್ಟು ಎತ್ತರ ಅಂತ ತಿಳಿಯಲು ಬುಡದ ಹತ್ತಿರ ಒಂದು ಕೊಡೆ ಇಡಿ.

ಹೊಯಿಗೆ ಮತ್ತು ಉಪ್ಪು ಈ ಕ್ಯಾಮರಾಗಳ ಶತ್ರು. ಹೊರಗೆ ಚಾಚುವ ಲೆನ್ಸಿನ ಸಂದಿಗೆ ನಾಲ್ಕು ಕಾಳು ಹೊಯಿಗೆ ಹೋದರೆ ಮುಗಿಯಿತು. ಗಾಳಿ ಜೋರಾಗಿದ್ದರೆ ಹೊರಗೆ ತೆಗೆಯಬೇಡಿ. ಮನೆಗೆ ಬಂದ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಮೈ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. ಎಸಿ ಬಸ್ಸಿನಿಂದ ಇಳಿದ ಕೂಡಲೇ ತೆಗೆದರೆ ಲೆನ್ಸಿಗೆ ಮಂಜು ಹಿಡಿಯುತ್ತದೆ, ಅರ್ಧ ಗಂಟೆ ಚೀಲದಲ್ಲೇ ಇರಲಿ. ಕ್ಯಾಮರಾ ಇಲ್ಲದವರು ಮೊಬೈಲಿನಲ್ಲೇ ತೆಗೆಯಿರಿ, ತೊಂದರೆ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಒಂದೇ ಜಾಗವನ್ನು ಪ್ರತಿ ವರ್ಷ ತೆಗೆಯುವುದು. ಹಿಮಾಲಯದ ಹಿಮನದಿಗಳು ಎಷ್ಟು ಹಿಂದೆ ಸರಿದಿವೆ ಅಂತ ತಿಳಿಯಲು ವಿಜ್ಞಾನಿಗಳು ಹಳೆಯ ಫೋಟೋ ಹಿಡಿದುಕೊಂಡು ಅದೇ ಜಾಗದಲ್ಲಿ ನಿಂತು ಹೊಸದು ತೆಗೆಯುತ್ತಾರೆ. ನಮಗೂ ಅದು ಸಾಧ್ಯ. ಚಿತ್ರದ ಒಂದು ಬದಿಯಲ್ಲಿ ಅಲುಗಾಡದ ಒಂದು ವಸ್ತು ಇರಬೇಕು. ನಾನು ಉಳ್ಳಾಲದ ಸೋಮೇಶ್ವರದಲ್ಲಿ ಅಲ್ಲಿನ ದೊಡ್ಡ ಬಂಡೆಯನ್ನೇ ಇಟ್ಟುಕೊಂಡಿದ್ದೇನೆ. ಗಟ್ಟಿ ಬಂಡೆ ನಮ್ಮ ಆಯುಸ್ಸಿನಲ್ಲಿ ಬದಲಾಗುವುದಿಲ್ಲ. ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಬದಲಾಗುವುದು ಹೊಯಿಗೆ, ಮುರಕಲ್ಲು, ಮರ, ಮನೆ.

ತಿಂಗಳೂ ಒಂದೇ ಇರಬೇಕು. ಮಳೆಗಾಲದಲ್ಲಿ ಕಡಲು ಹೊಯಿಗೆ ಎಳೆದುಕೊಂಡು ಹೋಗುತ್ತದೆ, ಆಮೇಲೆ ಸ್ವಲ್ಪ ವಾಪಸು ತಂದು ಹಾಕುತ್ತದೆ. ಮೇ ತಿಂಗಳದ್ದನ್ನು ಆಗಸ್ಟಿನದ್ದರ ಜೊತೆ ಇಟ್ಟು "ಎಲ್ಲ ಹೋಯಿತು" ಅನ್ನುವುದು ತಪ್ಪು. ಮೇ ತಿಂಗಳನ್ನು ಮುಂದಿನ ಮೇ ಜೊತೆಗೇ ನೋಡಬೇಕು. ನೀರಿನ ಮಟ್ಟವೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ನಮ್ಮ ಹಿಜರಿ ಕ್ಯಾಲೆಂಡರೇ ಸಾಕು. ಚಂದ್ರಮಾಸದ 1 ಮತ್ತು 15ರ ಆಸುಪಾಸಿನಲ್ಲಿ ಉಬ್ಬರವೂ ಜೋರು, ಇಳಿತವೂ ಜೋರು. 8 ಮತ್ತು 22ರ ಆಸುಪಾಸು ಎರಡೂ ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅದೇ ಚಂದ್ರ ತಾರೀಕು, ಅದೇ ಇಳಿತ ನೋಡಿ ತೆಗೆದರೆ ಹೋಲಿಕೆ ಸರಿಯಾಗುತ್ತದೆ.

ಒಂದೆರಡು ಎಚ್ಚರಿಕೆ. ಬಂದರು, ಕಾರವಾರದ ನೌಕಾನೆಲೆಯ ಹತ್ತಿರ ಕ್ಯಾಮರಾ ತೆಗೆಯಲೇಬೇಡಿ. ಮೀನಿನ ಕೆಲಸ ಮಾಡುವ ಹೆಂಗಸರು, ಸ್ನಾನ ಮಾಡುವವರು ಇದ್ದರೆ ಅವರು ಹೋಗುವ ತನಕ ಕಾಯಿರಿ. ಗಡ್ಡ, ಟೋಪಿಯವ ಕ್ಯಾಮರಾ ಹಿಡಿದು ನಿಂತರೆ ಯಾರಾದರೂ ಬಂದು ಕೇಳಿಯೇ ಕೇಳುತ್ತಾರೆ. ನಾನು ಬೇಸರ ಮಾಡದೆ ಚಿತ್ರ ತೋರಿಸುತ್ತೇನೆ. ಒಮ್ಮೆ ಹಾಗೆ ಕೇಳಲು ಬಂದ ಮೊಗವೀರರೊಬ್ಬರು, "ನಮ್ಮದೂ ಮನೆ ಹೋಗಿದೆ ಮಾರಾಯ್ರೆ, ಓ ಅಲ್ಲಿ ಇತ್ತು" ಅಂತ ನೀರಿನ ಕಡೆ ಕೈ ತೋರಿಸಿದರು. ಹತ್ತಿರ ಕೂತು ಅರ್ಧ ಗಂಟೆ ಮಾತಾಡಿದೆವು.

ನಾನು ಓದುಗರಲ್ಲಿ ಕೇಳುವುದು ಇಷ್ಟೇ. ಒಂದು ಮನೆಯವರು ಒಂದು ಜಾಗ ಆರಿಸಿಕೊಳ್ಳಿ. ಮಳೆಗೆ ಮೊದಲು ಒಂದು, ಮಳೆ ಮುಗಿದ ಮೇಲೆ ಒಂದು, ವರ್ಷಕ್ಕೆ ಎರಡೇ ಫೋಟೋ. ಮೊಬೈಲಿನಲ್ಲೇ ಬಿಟ್ಟರೆ ಮೊಬೈಲ್ ಹಾಳಾದ ದಿನ ಅದೂ ಹಾಳು. ಪ್ರಿಂಟ್ ಹಾಕಿಸಿ ಹಿಂದುಗಡೆ ತಾರೀಕು, ಜಾಗದ ಹೆಸರು, ನಿಂತ ಸ್ಥಳ ಬರೆದಿಡಿ. ನಾಳೆ ಪಂಚಾಯತಿಗೋ ಕಚೇರಿಗೋ ಅರ್ಜಿ ಕೊಡುವಾಗ ಬಾಯಿ ಮಾತಿಗಿಂತ ಅದು ಉಪಯೋಗಕ್ಕೆ ಬಂದೀತು.

ಉಮ್ಮನಿಗೆ ಹಳೇ ಜಾಗದ ಈಗಿನ ಫೋಟೋ ಒಂದು ಪ್ರಿಂಟ್ ಹಾಕಿಸಿ ಕೊಟ್ಟೆ. ಕಲ್ಲು, ನೀರು, ಅಷ್ಟೇ ಇರುವ ಫೋಟೋ. ಬೇಸರ ಮಾಡಿಕೊಳ್ಳುತ್ತಾರೋ ಅಂತ ಅಳುಕಿತ್ತು. ಅವರು ನೋಡಿ, "ಹಿಂದೆ ಬರೆ ಮೋನೆ, ಇಲ್ಲಿ ಐದು ಸಾಲು ತೆಂಗು ಇತ್ತು" ಅಂದರು. ಬರೆದೆ.