ಕೊಟ್ಟಿಗೆಯ ಉಣ್ಣಿ, ಕಾವಲಿನ ಉಣ್ಣಿ



ಬೆಳಗ್ಗೆ ಹಾಲು ಕರೆಯಲು ಕೂತಾಗ ಕೆಚ್ಚಲಿನ ಬುಡದಲ್ಲೋ ತೊಡೆಸಂದಿನಲ್ಲೋ ಹರಳುಬೀಜದಂತೆ ಊದಿಕೊಂಡ ಉಣ್ಣಿ ಕೈಗೆ ಸಿಗುತ್ತದೆ. ನಾವೇನು ಮಾಡುತ್ತೇವೆ? ಕಿತ್ತು ಮೂಲೆಗೆ ಎಸೆಯುತ್ತೇವೆ. ಪೀಡೆ ತೊಲಗಿತು ಅಂತ ನಮ್ಮ ಲೆಕ್ಕ. ಉಣ್ಣಿಯ ಲೆಕ್ಕವೇ ಬೇರೆ. ಹಾಗೆ ಊದಿಕೊಂಡದ್ದು ಹೊಟ್ಟೆತುಂಬ ರಕ್ತ ಕುಡಿದು ಮೊಟ್ಟೆಯಿಡಲು ಸಿದ್ಧವಾದ ಹೆಣ್ಣು. ಇಂದೋ ನಾಳೆಯೋ ಅದು ತಾನೇ ನೆಲಕ್ಕೆ ಉದುರುತ್ತಿತ್ತು. ನಾವು ಎಸೆದು ಅದರ ಕೆಲಸವನ್ನು ಹಗುರ ಮಾಡಿದೆವು. ಅದು ಗೋಡೆಯ ಬಿರುಕನ್ನೋ ಗೊಂತಿನ ಅಡಿಯನ್ನೋ ಚಪ್ಪಡಿಯ ಸಂದನ್ನೋ ಹುಡುಕಿಕೊಂಡು ಹೋಗಿ, ಎರಡು ಮೂರು ಸಾವಿರ ಮೊಟ್ಟೆಯಿಟ್ಟು ಸಾಯುತ್ತದೆ.

ಆ ಮೊಟ್ಟೆಯಿಂದ ಕೆಲವು ವಾರಗಳಲ್ಲಿ ಸಾಸಿವೆಗಿಂತ ಸಣ್ಣ ಮರಿಗಳು ಹೊರಬರುತ್ತವೆ. ಹುಲ್ಲಿನ ತುದಿಗೋ ಗೋಡೆಗೋ ಹತ್ತಿ ಕಾದು ಕೂರುತ್ತವೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ದನದ ಮೈ ಸೋಕಿದ ಕೂಡಲೇ ಹತ್ತಿಕೊಳ್ಳುತ್ತವೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ದನದ ಉಣ್ಣಿ ಸುಮಾರು ಮೂರು ವಾರ ಒಂದೇ ದನದ ಮೈಮೇಲೆ ಬೆಳೆದು, ಮತ್ತೆ ನೆಲಕ್ಕೆ ಬೀಳುತ್ತದೆ. ಇದರಿಂದ ತಿಳಿಯುವುದೇನು? ನಿಮ್ಮ ಕಣ್ಣಿಗೆ ಕಾಣುವ ಉಣ್ಣಿ ಕೆಲವೇ ಕೆಲವು. ಉಳಿದದ್ದೆಲ್ಲ ಕೊಟ್ಟಿಗೆಯಲ್ಲಿ, ಹಿತ್ತಲಲ್ಲಿ, ಬೇಲಿಯಲ್ಲಿ ಇದೆ. ದನಕ್ಕೆ ಮಾತ್ರ ಔಷಧಿ ಹೊಡೆದು ಸುಮ್ಮನಾದವರ ಮನೆಯಲ್ಲಿ ತಿಂಗಳೊಳಗೆ ಉಣ್ಣಿ ತಿರುಗಿ ತುಂಬುವುದು ಇದಕ್ಕೇ.

ರಕ್ತ ಹೋಗುವುದು, ಹಾಲು ಇಳಿಯುವುದು, ಚರ್ಮ ಕೆಡುವುದು ಒಂದು ನಷ್ಟ. ಅದಕ್ಕಿಂತ ದೊಡ್ಡದು ಉಣ್ಣಿ ಹರಡುವ ಜ್ವರಗಳು. ಬಬೇಸಿಯ ರೋಗ ಬಂದರೆ ಜ್ವರ ಏರಿ, ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಥೈಲೇರಿಯ ರೋಗದಲ್ಲಿ ಜ್ವರದ ಜೊತೆಗೆ ಭುಜದ ಮುಂದಿನ ಗಂಟು ಊದಿಕೊಂಡು, ದನ ಮೇವು ಬಿಡುತ್ತದೆ. ಈ ಗುರುತು ಕಂಡರೆ ಒಂದು ದಿನವೂ ತಡಮಾಡದೆ ಪಶುವೈದ್ಯರನ್ನು ಕರೆಸಿ. 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸೆಯ ಸಹಾಯ ಸಿಗುತ್ತದೆ.

ಅಜ್ಜಂಪುರ ಅಂದರೆ ಅಮೃತಮಹಲ್ ದನಗಳ ಊರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದ ತಳಿ ಅದು. ಕಡೂರು, ತರೀಕೆರೆ ಸೀಮೆಯ ಕಾವಲುಗಳು ಅದಕ್ಕೆಂದೇ ಬಿಟ್ಟ ಹುಲ್ಲುಗಾವಲುಗಳು. ಇಂಥ ನಾಟಿ ದನದ ಮೈಮೇಲೆ ಉಣ್ಣಿ ಕಡಿಮೆ ನಿಲ್ಲುತ್ತದೆ, ನಿಂತರೂ ದನ ತಡೆದುಕೊಳ್ಳುತ್ತದೆ. ಸೀಮೆ ಹಸುವಿಗೆ ಆ ಶಕ್ತಿ ಇಲ್ಲ. ಈಗ ಅನೇಕ ಮನೆಗಳಲ್ಲಿ ಎರಡೂ ಒಂದೇ ಕೊಟ್ಟಿಗೆಯಲ್ಲಿವೆ. ಹೊರಗೆ ಮೇಯ್ದು ಬಂದ ನಾಟಿ ದನ ಉಣ್ಣಿಯನ್ನು ತಂದು ಉದುರಿಸುತ್ತದೆ. ಕಟ್ಟಿದ ಕಡೆಯೇ ನಿಂತ ಸೀಮೆ ಹಸು ಕಾಯಿಲೆ ಬೀಳುತ್ತದೆ. ನಾಟಿ ದನಕ್ಕೆ ಏನೂ ಆಗಿಲ್ಲವಲ್ಲ ಅಂತ ಅದನ್ನು ಬಿಟ್ಟು, ಹಾಲಿನ ಹಸುವಿಗೆ ಮಾತ್ರ ಔಷಧಿ ಹೊಡೆದರೆ ಪ್ರಯೋಜನವಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ದನದ ಮೈ. ಕಿತ್ತ ಉಣ್ಣಿಯನ್ನು ಸೀಮೆಎಣ್ಣೆಯೋ ಸಾಬೂನಿನ ನೀರೋ ಇರುವ ಡಬ್ಬಿಗೆ ಹಾಕಿ. ಉಗುರಿನಿಂದ ಹಿಸುಕಬೇಡಿ. ಔಷಧಿಯನ್ನು ಪಶುವೈದ್ಯರು ಹೇಳಿದ್ದನ್ನೇ ತನ್ನಿ. ಡೆಲ್ಟಾಮೆಥ್ರಿನ್ ಶೇಕಡಾ 1.25ರ ದ್ರಾವಣವಾದರೆ ಲೀಟರು ನೀರಿಗೆ 2 ಮಿಲಿಲೀಟರು ಸಾಮಾನ್ಯ ಅಳತೆ. ಆದರೂ ಸೀಸೆಯ ಮೇಲಿನ ಚೀಟಿ ಓದಿ. ದನಕ್ಕೆ ಮೊದಲು ನೀರು ಕುಡಿಸಿ, ಬಾಯಿಗೆ ಕುಕ್ಕೆ ಹಾಕಿ, ತಂಪು ಹೊತ್ತಿನಲ್ಲಿ ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡ ಎಲ್ಲವೂ ನೆನೆಯುವಂತೆ ಹೊಡೆಯಿರಿ. ಹಾಲು ಕರೆಯುವ ಮುಂಚೆ ಕೆಚ್ಚಲು ತೊಳೆಯಿರಿ. ಎಳೆಗರು, ಗಬ್ಬದ ಹಸು ಇದ್ದರೆ ವೈದ್ಯರನ್ನು ಕೇಳಿಯೇ ಮಾಡಿ. ಬೆಳೆಗೆ ಹೊಡೆದು ಉಳಿದ ವಿಷವನ್ನು ದನಕ್ಕೆ ಎಂದೂ ಹಚ್ಚಬೇಡಿ, ದನ ಸತ್ತೀತು. ಹಿಂದೆ ಗ್ಯಾಮಕ್ಸಿನ್ ಅಂತ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು 1997ರಲ್ಲೇ ನಿಷೇಧಿಸಿದ್ದಾರೆ. ಔಷಧಿಯ ಡಬ್ಬಿಯನ್ನು ಕೆರೆಯಲ್ಲಿ ತೊಳೆದರೆ ಮೀನು ಸಾಯುತ್ತದೆ, ಅದೂ ನೆನಪಿರಲಿ.

ಎರಡನೆಯದು ಕೊಟ್ಟಿಗೆ. ದನಕ್ಕೆ ಹೊಡೆದ ದಿನವೇ ಕೊಟ್ಟಿಗೆಗೂ ಆಗಬೇಕು. ದನಗಳನ್ನು ಹೊರಗೆ ಕಟ್ಟಿ, ಗೊಂತಿನ ಅಡಿ ಕೆರೆದು, ಕಸವನ್ನು ದೂರ ಒಯ್ದು ಸುಡಿ. ಬಿರುಕುಗಳಿಗೆ ಔಷಧಿ ಬಿಟ್ಟು, ಒಣಗಿದ ಮೇಲೆ ಗಾರೆಯಿಂದಲೋ ಮಣ್ಣಿನಿಂದಲೋ ಮುಚ್ಚಿ ಸುಣ್ಣ ಬಳಿಯಿರಿ. ಔಷಧಿ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದ್ದರಿಂದ ಎರಡು ಮೂರು ವಾರ ಬಿಟ್ಟು ಮೈಗೂ ಕೊಟ್ಟಿಗೆಗೂ ಮತ್ತೊಮ್ಮೆ ಹೊಡೆಯಲೇಬೇಕು. ಇದನ್ನು ತಪ್ಪಿಸಿದರೆ ಮೊದಲು ಹೊಡೆದದ್ದೂ ದಂಡ. ನೀರು ಹೆಚ್ಚು ಬೆರೆಸಿ ಉಳಿತಾಯ ಮಾಡಿದರೆ ಉಣ್ಣಿ ಔಷಧಿಗೆ ಒಗ್ಗಿಹೋಗುತ್ತದೆ.

ಮೂರನೆಯದು ಹೊರಗಿನ ಜಾಗ. ಉಣ್ಣಿಗೆ ನೆರಳು, ತೇವ ಬೇಕು, ಬಿಸಿಲು ಆಗದು. ಕೊಟ್ಟಿಗೆಯ ಸುತ್ತ ಹುಲ್ಲು ಸವರಿ, ಬೇಲಿಯ ಲಂಟಾನ ಕಡಿದು, ಕಲ್ಲುಗುಪ್ಪೆ, ಸೌದೆಗುಪ್ಪೆಗಳನ್ನು ದೂರ ಸರಿಸಿ ಬಿಸಿಲು ಬೀಳುವಂತೆ ಮಾಡಿ. ಊರಕೋಳಿ ಉಣ್ಣಿಯನ್ನು ಹೆಕ್ಕಿ ತಿನ್ನುತ್ತದೆ; ಆದರೆ ಔಷಧಿ ಹೊಡೆದ ದಿನ ಅದನ್ನು ಕೊಟ್ಟಿಗೆಗೆ ಬಿಡಬೇಡಿ. ಕಾವಲಿಗೆ ಬೆಂಕಿ ಹಾಕಿದರೆ ಉಣ್ಣಿ ಹೋಗುತ್ತದೆ ಅನ್ನುವವರಿದ್ದಾರೆ. ಬೆಂಕಿಗೆ ಮೇವು ಹೋಗುತ್ತದೆ, ಹಕ್ಕಿಯ ಗೂಡು ಹೋಗುತ್ತದೆ. ಬಿರುಕಿನೊಳಗಿನ ಉಣ್ಣಿ ಉಳಿಯುತ್ತದೆ. ಅದರ ಬದಲು, ಒಂದೇ ಕಡೆ ಮೇಯುವ ದನಗಳಿಗೆಲ್ಲ ಊರವರು ಮಾತಾಡಿಕೊಂಡು ಒಂದೇ ವಾರದಲ್ಲಿ ಔಷಧಿ ಹೊಡೆಯಿರಿ. ಒಬ್ಬರು ಬಿಟ್ಟರೆ ಅವರ ದನ ಎಲ್ಲರಿಗೂ ಹಂಚುತ್ತದೆ.

ತರೀಕೆರೆಯ ಪಡುವಲಿಗೆ, ಲಕ್ಕವಳ್ಳಿ ಕಡೆಯ ಕಾಡಂಚಿನವರಿಗೆ ಇನ್ನೊಂದು ಮಾತು. ಮಲೆನಾಡಿನವರು ಉಣುಗು ಅನ್ನುವ ಕಾಡಿನ ಉಣ್ಣಿ ಮನುಷ್ಯರಿಗೆ ಮಂಗನ ಕಾಯಿಲೆ ತರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ 2024ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಕಂಡು ಜೀವಹಾನಿಯಾಯಿತು. ದನಕ್ಕೆ ಈ ಕಾಯಿಲೆ ಬಾರದಿದ್ದರೂ ಕಾಡಿನಲ್ಲಿ ಮೇಯ್ದ ದನ ಆ ಉಣ್ಣಿಯನ್ನು ಹೊತ್ತು ತರುತ್ತದೆ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಕಾಡಿನ ತರಗೆಲೆಯನ್ನು ಕೊಟ್ಟಿಗೆಗೆ ಹಾಸಲು ತರಬೇಡಿ. ಸೌದೆಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಪಂಚಾಯತಿಗೋ ತಿಳಿಸಿ. ಥಟ್ಟನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಇಷ್ಟರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ನಾಳೆ ಬೆಳಗ್ಗೆ ಹಾಲು ಕರೆಯಲು ಹೋಗುವಾಗ ತಂಬಿಗೆಯ ಜೊತೆಗೆ ಸೀಮೆಎಣ್ಣೆಯ ಒಂದು ಡಬ್ಬಿಯೂ ಇರಲಿ.