ಗಡಿ ಕಾಯುವ ಹುಲ್ಲು

ಮಳೆಗಾಲದಲ್ಲಿ ಹಾನಗಲ್, ಹಿರೇಕೆರೂರು ಕಡೆಯ ಹಳ್ಳಗಳನ್ನು ನೋಡಿ, ಮಸಾರಿ ಹೊಲದ ನೀರು ಕೆಂಪಾಗಿ ಹರಿಯುತ್ತದೆ. ಸವಣೂರು, ಶಿಗ್ಗಾವಿಯ ಎರೆಹೊಲಗಳಿಂದ ಇಳಿಯುವ ನೀರು ಕಪ್ಪು. ಬಣ್ಣ ಯಾವುದಾದರೇನು, ಹೋಗುತ್ತಿರುವುದು ಮೇಲ್ಮಣ್ಣು. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ; ಅದೇ ಮಣ್ಣಿನ ಒಡ್ಡೂ ಬಿರಿಯುತ್ತದೆ. ದೊಡ್ಡ ಮಳೆ ಬಂದಾಗ ನೀರು ಆ ಬಿರುಕಿನಲ್ಲೇ ನುಗ್ಗಿ ಒಡ್ಡು ಕೀಳುತ್ತದೆ. ಕಿತ್ತುಹೋಗದ ಒಡ್ಡು ಉಂಟೇ?

ಉಂಟು, ಹುಲ್ಲಿನದು. ಮಣ್ಣು ಸಂರಕ್ಷಣೆಯ ತಜ್ಞ ಜಾನ್ ಗ್ರೀನ್‌ಫೀಲ್ಡ್ 1950ರ ದಶಕದಲ್ಲೇ ಫಿಜಿಯ ಕಬ್ಬಿನ ಇಳಿಜಾರುಗಳಲ್ಲಿ ಲಾವಂಚವೆಂಬ ಹುಲ್ಲಿನ ಸಾಲು ನೆಟ್ಟು ಮಣ್ಣು ಹಿಡಿದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೆಲಸಕ್ಕೆ ಭಾರತಕ್ಕೆ ಬಂದ ಅವರು, ಸಹೋದ್ಯೋಗಿ ರಿಚರ್ಡ್ ಗ್ರಿಮ್‌ಷಾ ಜೊತೆ ಸೇರಿ ಅದೇ ಹುಲ್ಲನ್ನು ಇಲ್ಲಿ ಬಳಕೆಗೆ ತರಲು ಹೊರಟರು. ಆದರೆ ಗುಂಡ್ಲುಪೇಟೆಯ ಸುತ್ತಿನ ರೈತರು ಅವರಿಗಿಂತ ಬಹಳ ಮುಂದಿದ್ದರು. ನೂರು ವರ್ಷಕ್ಕೂ ಮೇಲ್ಪಟ್ಟು ಅವರ ಹೊಲಗಳ ಗಡಿ ಕಾಯುತ್ತಿದ್ದದ್ದು ಲಾವಂಚವೇ.

ಗಡಿಗೆ ಈ ಹುಲ್ಲೇ ಏಕೆ? ಒಂದು ಬುಡ ಕಿತ್ತು ನೋಡಿದರೆ ತಿಳಿಯುತ್ತದೆ. ಎಲೆಗಳ ಬುಡ ಚಪ್ಪಟೆಯಾಗಿ ಒಂದರೊಳಗೊಂದು ಮಡಚಿಕೊಂಡು, ಕಾಂಡಗಳು ಒತ್ತಾಗಿ ಗುಂಪುಗೂಡಿರುತ್ತವೆ. ಗರಿಕೆಗಿರುವಂತೆ ನೆಲದ ಮೇಲೆ ಹರಿದಾಡುವ ಕುಡಿ ಇದಕ್ಕಿಲ್ಲ. ಬೇರುಗಳು ನೇರ ಕೆಳಗಿಳಿಯುತ್ತವೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರಿನವರೆಗೂ. ನೀರು ಸೋಕಿದರೆ ಆ ಬೇರು ಘಮಘಮಿಸುತ್ತದೆ. ನಮ್ಮ ಹಿರಿಯರು ಮುಡಿವಾಳವೆಂದು ಕರೆದದ್ದು ಇದನ್ನೇ. ಉತ್ತರ ಭಾರತದ ಕಾಡುತಳಿ ಬೀಜ ಕಟ್ಟುತ್ತದೆ. ದಕ್ಷಿಣದಲ್ಲಿ ಬೆಳೆಸುವ ತಳಿಯಲ್ಲಿ ಬೀಜ ಕಾಣುವುದೇ ಅಪರೂಪ. ಆದ್ದರಿಂದ ಅದು ನೆಟ್ಟ ಜಾಗ ಬಿಟ್ಟು ಪಕ್ಕದವನ ಹೊಲಕ್ಕೆ ಕಾಲಿಡುವುದಿಲ್ಲ. ಇಂಥ ಹುಲ್ಲಿನ ಗಡಿಯನ್ನು ಇಬ್ಬರೂ ನಂಬಬಹುದು.

ಗಡಿ ಕಾಯುವ ಗುಣವೇ ಮಣ್ಣನ್ನೂ ಕಾಯಿತು. ಇಳಿಜಾರಿಗೆ ಅಡ್ಡಲಾಗಿ, ಗೇಣಿಗಿಂತ ಹತ್ತಿರ ನೆಟ್ಟ ಬುಡಗಳು ಕೂಡಿಕೊಂಡರೆ ಬೇಲಿಯಾಗುತ್ತವೆ. ಅದು ನೀರನ್ನು ಕಟ್ಟಿಹಾಕುವುದಿಲ್ಲ. ಸೋಸಿ ನಿಧಾನಿಸುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಮಣ್ಣು ಏರಿದಂತೆ ಹೂತ ಗೆಣ್ಣುಗಳು ಹೊಸ ಬೇರು ಬಿಟ್ಟು ಹುಲ್ಲೂ ಮೇಲೇರುತ್ತದೆ. ಒಡ್ಡು ವರ್ಷ ವರ್ಷಕ್ಕೆ ಸವೆದರೆ, ಈ ಬೇಲಿ ವರ್ಷ ವರ್ಷಕ್ಕೆ ಗಟ್ಟಿಯಾಗುತ್ತದೆ.

1987ರಲ್ಲಿ ವಿಶ್ವಬ್ಯಾಂಕ್ ಈ ವಿಧಾನದ ಕೈಪಿಡಿ ತಂದಿತು. ಹುಲ್ಲು ಹಲವು ದೇಶಗಳಿಗೆ ಹಬ್ಬಿತು. 1998ರಲ್ಲಿ ಸಂಶೋಧಕರಾದ ರಾಬರ್ಟ್ ಆಡಮ್ಸ್ ಮತ್ತು ಮಾರ್ಕ್ ಡಾಫೋರ್ನ್ ದಕ್ಷಿಣ ಏಷ್ಯಾದ ಹೊರಗಿನ 29 ದೇಶಗಳ 60 ಮಾದರಿಗಳ ಡಿಎನ್‌ಎ ಪರೀಕ್ಷಿಸಿದರು. 53 ಒಂದೇ ಬುಡದ ಸಂತಾನವಾಗಿದ್ದವು! ಬೀಜವಿಲ್ಲದ ಹುಲ್ಲು ಲೋಕ ಸುತ್ತಿದ್ದು ಮನುಷ್ಯರ ಕೈಯಿಂದಲೇ, ಸೀಳಿದ ಬುಡ ಒಬ್ಬರಿಂದ ಒಬ್ಬರಿಗೆ ದಾಟುತ್ತಾ.

ಹೊರಗಿನವರು ಕಣ್ಣು ತೆರೆದು ನೋಡಿದ್ದನ್ನು ಗುಂಡ್ಲುಪೇಟೆಯವರು ಮೊದಲೇ ಬಾಳಿದ್ದರು. ನಮ್ಮ ನಾಲ್ಕು ತಾಲ್ಲೂಕುಗಳ ಒಡ್ಡುಗಳಿಗೂ ಈ ಹುಲ್ಲು ಬರಲಿ. ಮುಂಗಾರು ಕಾಲೂರಿದ ಮೇಲೆ ಒಂದು ಬುಡ ಸೀಳಿ ಸಾಲಾಗಿ ನೆಟ್ಟರೆ, ಹಳ್ಳದ ನೀರು ತಿಳಿಯಾಗುವ ದಾರಿ ಅಲ್ಲಿಂದಲೇ ಶುರು.