ಅಸರ್ಷನ್: ತಪ್ಪನ್ನು ಹುಟ್ಟಿದಲ್ಲೇ ಹಿಡಿಯುವ ಬಗೆ

ಕಂಪ್ಯೂಟರ್ ಪ್ರೋಗ್ರಾಂನಲ್ಲಿ ತಪ್ಪು ಹುಟ್ಟುವುದು ಒಂದು ಕಡೆ, ಕಣ್ಣಿಗೆ ಬೀಳುವುದು ಮತ್ತೊಂದು ಕಡೆ. ಕಂಡ ಜಾಗದಿಂದ ಹುಟ್ಟಿದ ಜಾಗದವರೆಗೆ ಹಿಂದಕ್ಕೆ ಹುಡುಕುತ್ತ ಹೋಗುವುದರಲ್ಲಿಯೇ ದೋಷಶೋಧನೆಯ, ಅಂದರೆ ಡಿಬಗ್ಗಿಂಗ್‌ನ, ಬಹುಪಾಲು ಶ್ರಮ ವ್ಯಯವಾಗುತ್ತದೆ. ಈ ಅಂತರವನ್ನು ತಗ್ಗಿಸುವ ಸಾಧನವೇ ಅಸರ್ಷನ್. ಪ್ರೋಗ್ರಾಂ ಈ ಸಾಲಿಗೆ ಬಂದಾಗ ಇಂಥದ್ದು ನಿಜವಾಗಿರಲೇಬೇಕು ಎಂದು ಬರೆದವರೇ ಇಟ್ಟಿರುವ ಷರತ್ತು ಅದು. ಷರತ್ತು ಸುಳ್ಳಾದರೆ ಪ್ರೋಗ್ರಾಂ ಅಲ್ಲಿಯೇ ನಿಂತು, ನಿಂತ ಸಾಲನ್ನು ತೋರಿಸುತ್ತದೆ.

ಇಳಕಲ್ ಸೀಮೆಗೆ ಚಿರಪರಿಚಿತವಾದ ಇಳಕಲ್ ಸೀರೆಯ ನೂಲಿನ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುವುದಾದರೆ ಇದು ಸ್ಪಷ್ಟವಾಗುತ್ತದೆ. ಈ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಲಾಗುತ್ತದೆ. ಎಳೆಗೆ ಎಳೆ ಕೂಡುವ ಲೆಕ್ಕ ಹಿಡಿದರೆ ಎರಡೂ ಕಡೆಯ ಎಣಿಕೆ ಒಂದೇ ಇರಬೇಕು. ಅಗಲವನ್ನು ಅಂಗುಲಕ್ಕಿರುವ ಎಳೆಗಳಿಂದ ಗುಣಿಸಿದಾಗ 3,443.5 ಬಂದಿತೆಂದಿಟ್ಟುಕೊಂಡರೆ, ಒಡಲಿನ ಭಾಗದ ಪ್ರೋಗ್ರಾಂ ದಶಮಾಂಶವನ್ನು ಕತ್ತರಿಸಿ 3,443 ಎನ್ನಬಹುದು, ಬೇರೊಬ್ಬರು ಬರೆದ ಸೆರಗಿನ ಭಾಗ ಮೇಲಕ್ಕೇರಿಸಿ 3,444 ಎನ್ನಬಹುದು. ಎರಡೂ ಸಂಖ್ಯೆಗಳು ನೋಡಲು ಸರಿಯಾಗಿಯೇ ಇವೆ! ಅವು ನೂಲಿನ ತೂಕಕ್ಕೆ, ಅಲ್ಲಿಂದ ಬೆಲೆಗೆ ಹರಿದುಹೋಗುತ್ತವೆ. ಕೊನೆಗೆ ಜೋಡಣೆಯ ಹೊತ್ತಿನಲ್ಲಿ ಒಂದು ಎಳೆ ಒಂಟಿಯಾಗಿ ಉಳಿಯುತ್ತದೆ. ಲೆಕ್ಕ ಮುಗಿದೊಡನೆ ‘ಅಸರ್ಟ್ ಒಡಲೆಳೆ == ಸೆರಗೆಳೆ’ ಎಂಬ ಒಂದು ಸಾಲು ಇದ್ದಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತಿತ್ತು, ಹುಡುಕಾಟವೂ ಮೇಲಿನ ಎರಡು ಲೆಕ್ಕಗಳಷ್ಟಕ್ಕೇ ಸೀಮಿತವಾಗುತ್ತಿತ್ತು.

ಈ ವಿಚಾರ ಕಂಪ್ಯೂಟರ್‌ನಷ್ಟೇ ಹಳೆಯದು. 1949ರ ಜೂನ್‌ನಲ್ಲಿ ಕೇಂಬ್ರಿಡ್ಜ್‌ನ ಸಮ್ಮೇಳನದಲ್ಲಿ ಅಲನ್ ಟ್ಯೂರಿಂಗ್, ದೊಡ್ಡ ಪ್ರೋಗ್ರಾಂ ಬರೆದವನು ಬಿಡಿಬಿಡಿಯಾಗಿ ಪರಿಶೀಲಿಸಬಹುದಾದ ಹೇಳಿಕೆಗಳನ್ನು ಒದಗಿಸಿದರೆ ಇಡೀ ಪ್ರೋಗ್ರಾಂ ಸರಿಯೆಂಬುದು ಅವುಗಳಿಂದಲೇ ಸಿದ್ಧವಾಗುತ್ತದೆ ಎಂದು ವಾದಿಸಿದ್ದರು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಅದಕ್ಕೆ ತರ್ಕಶಾಸ್ತ್ರದ ಬುನಾದಿ ಹಾಕಿದರು.

ಅಸರ್ಷನ್ ಇರುವುದು ಪ್ರೋಗ್ರಾಂ ಬರೆದವರ ತಪ್ಪಿಗೆ, ಬಳಸುವವರ ತಪ್ಪಿಗಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ನೇಕಾರರು ಅಗಲದ ಜಾಗದಲ್ಲಿ ಸೊನ್ನೆ ಒತ್ತಿದರೆ ಪ್ರೋಗ್ರಾಂ ದಿಢೀರನೆ ನಿಲ್ಲುವುದು ಸಲ್ಲದು. ಸರಿಯಾದ ಅಳತೆಯನ್ನು ಮತ್ತೆ ಕೇಳಬೇಕು. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು: ಸಿ, ಪೈಥಾನ್‌ನಂಥ ಭಾಷೆಗಳಲ್ಲಿ ಒಂದೇ ಸೂಚನೆಯಿಂದ ಎಲ್ಲ ಅಸರ್ಷನ್‌ಗಳನ್ನೂ ನಿಷ್ಕ್ರಿಯಗೊಳಿಸಬಹುದಾದ್ದರಿಂದ, ಎಳೆಯ ಎಣಿಕೆಯನ್ನು ಏರಿಸುವ ಕೆಲಸವನ್ನೇ ಯಾರಾದರೂ ಅಸರ್ಷನ್ನಿನೊಳಗೆ ಬರೆದಿಟ್ಟಿದ್ದರೆ, ಆ ಸೂಚನೆ ಕೊಟ್ಟ ದಿನ ಪರೀಕ್ಷೆಯ ಜೊತೆಗೆ ಎಣಿಕೆಯೂ ನಿಂತುಹೋಗುತ್ತದೆ.